ಮೈಸೂರು ಸೈನ್ಯದಲ್ಲಿ ಚಕಮಕಿ ಕೋವಿ ಮತ್ತು ಪಿಸ್ತೂಲು

ಸೈನ್ಯವೊಂದು ತನ್ನ ಯೋಧರಿಗೆ ಹೊಸದೊಂದು ಪಿಸ್ತೂಲನ್ನು ಗೊತ್ತುಮಾಡಿತೆಂಬ ವಾರ್ತೆ ಆಗಾಗ ಪತ್ರಿಕೆಗಳಲ್ಲಿ ಬರುವುದುಂಟು. ಬ್ರಿಟನ್ನಿನ ಸೈನ್ಯವು 2013ರಲ್ಲಿ ಬ್ರೌನಿಂಗ್ ಪಿಸ್ತೂಲನ್ನು ಬಿಟ್ಟು ಗ್ಲಾಕ್ ಪಿಸ್ತೂಲನ್ನು ಅಂಗೀಕರಿಸಿತು. ಅಮೆರಿಕದ ಸೈನ್ಯವು 1985ರಿಂದ ಬಳಸುತ್ತಿದ್ದ ಬೆರೆಟ್ಟಾಕ್ಕೆ ಬದಲಾಗಿ 2017ರಲ್ಲಿ ಸಿಗ್ ಸಾವರ್ ಮಾದರಿಯನ್ನು ಆರಿಸಿತು. ಇಂಥ ನಿರ್ಣಯಗಳಲ್ಲಿ ಆಯುಧದ ಗುಣಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದಿದೆ. ಆಯುಧವನ್ನು ಅಂಗೀಕರಿಸುವುದೆಂದರೆ ಒಂದೇ ಅಳತೆಯ ಗುಂಡು, ಒಂದೇ ಬಗೆಯ ಕವಾಯತು, ಅವೆಲ್ಲವನ್ನೂ ಎಡೆಬಿಡದೆ ಒದಗಿಸಬಲ್ಲ ಕಾರ್ಖಾನೆ, ಇವುಗಳನ್ನು ಒಟ್ಟಾಗಿ ಅಂಗೀಕರಿಸುವುದು. ಕನ್ನಡ ನಾಡಿನಲ್ಲಿ ಈ ಕಾರ್ಯವನ್ನು ಹದಿನೆಂಟನೆಯ ಶತಮಾನದಲ್ಲಿಯೇ ರಾಜ್ಯವೊಂದು ಕೈಗೊಂಡಿತ್ತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರು ರಾಜ್ಯವೇ ಅದು. ಆ ಪ್ರಯತ್ನದ ಸ್ವರೂಪವನ್ನೂ, ಅದಕ್ಕೆ ಇಂದಿನ ಹಾವೇರಿ ಜಿಲ್ಲೆಯ ನೆಲದೊಡನೆ ಇರುವ ಸಂಬಂಧವನ್ನೂ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮೊದಲು ಯಂತ್ರದ ವಿಚಾರ. ಹಳೆಯ ಬತ್ತಿಕೋವಿಯಲ್ಲಿ ಸಿಪಾಯಿಯು ಹೊಗೆಯಾಡುವ ಬತ್ತಿಯೊಂದನ್ನು ಸದಾ ಹೊತ್ತಿಸಿಟ್ಟುಕೊಂಡಿರಬೇಕಾಗಿತ್ತು. ಮಳೆ ಬಂದರೆ ಬತ್ತಿ ಆರುತ್ತಿತ್ತು. ಇರುಳಿನಲ್ಲಿ ಅದರ ಕೆಂಡವೇ ಶತ್ರುವಿಗೆ ಗುರುತಾಗುತ್ತಿತ್ತು. ಮದ್ದಿನ ಚೀಲದ ಪಕ್ಕದಲ್ಲಿ ಬೆಂಕಿಯನ್ನಿಟ್ಟುಕೊಂಡು ಒತ್ತೊತ್ತಾಗಿ ಸಾಲುಗಟ್ಟುವುದು ಅಪಾಯಕರವಾಗಿತ್ತು. ಚಕಮಕಿ ಕೋವಿಯಲ್ಲಿ ಈ ತೊಡಕುಗಳು ಬಹುಮಟ್ಟಿಗೆ ನಿವಾರಣೆಯಾದವು. ಇದರಲ್ಲಿ ಕೋವಿಯ ಕುದುರೆಯು ಚಕಮಕಿ ಕಲ್ಲಿನ ತುಂಡೊಂದನ್ನು ಕಚ್ಚಿಕೊಂಡಿರುತ್ತದೆ. ಬಿಲ್ಲನ್ನು ಒತ್ತಿದೊಡನೆ ಕಲ್ಲು ಉಕ್ಕಿನ ಫಲಕಕ್ಕೆ ಬಡಿದು ಕಿಡಿ ಹಾರುತ್ತದೆ. ಅದೇ ಹೊಡೆತಕ್ಕೆ ಮುಚ್ಚಳ ತೆರೆದು ಕಿಡಿಯು ರಂಜಕದ ಮೇಲೆ ಬೀಳುತ್ತದೆ. ರಂಜಕದ ಉರಿಯು ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ. ಪಿಸ್ತೂಲಿಗಂತೂ ಈ ಮಾರ್ಪಾಟು ಅನಿವಾರ್ಯವಾಗಿತ್ತು. ಒಂದು ಕೈಯಲ್ಲಿ ಲಗಾಮು ಹಿಡಿದ ರಾವುತನು ಉರಿಯುವ ಬತ್ತಿಯನ್ನು ನೋಡಿಕೊಳ್ಳುವುದೆಂತು?

ಮೈಸೂರಿನ ಅರಸರು ಈ ಆಯುಧಗಳನ್ನು ಹೊರಗಿನಿಂದ ಕೊಳ್ಳುವುದರಲ್ಲಿಯೇ ತೃಪ್ತರಾಗಲಿಲ್ಲ. ಕೊಳ್ಳುವವನು ಮಾರುವವನ ಅಧೀನನೆಂಬುದು ಅವರಿಗೆ ತಿಳಿದಿತ್ತು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ ಮತ್ತು ನಗರಗಳಲ್ಲಿ ಆಯುಧ ಕಾರ್ಖಾನೆಗಳು ನಡೆದವು. (ನಗರವೆಂಬುದು ಹೈದರನು 1763ರಲ್ಲಿ ಗೆದ್ದ ಬಿದನೂರು, ಅಲ್ಲಿಗೆ ಸಮೀಪದ ಹಾಳುಬಾವಿಯೊಂದರಲ್ಲಿ 2018ರಲ್ಲಿ ಒಂದು ಸಾವಿರಕ್ಕೂ ಮಿಕ್ಕಿ ಯುದ್ಧದ ಬಾಣಗಳು, ಎಂದರೆ ರಾಕೆಟ್ಟುಗಳು, ದೊರೆತುದನ್ನು ವಾಚಕರು ಬಲ್ಲರು.) 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವಿನೊಡನೆ ಕುಶಲ ಕರ್ಮಿಗಳನ್ನೂ ಬೇಡಿದರು. ಆಯುಧಕ್ಕೆ ತಕ್ಕ ಕವಾಯತನ್ನು ಗೊತ್ತುಪಡಿಸಲು 1783ರ ಸುಮಾರಿಗೆ ಜೈನುಲ್ ಆಬಿದೀನ್ ಷೂಸ್ತರಿಯು ‘ಫತಹುಲ್ ಮುಜಾಹಿದೀನ್’ ಎಂಬ ಪಾರಸಿ ಗ್ರಂಥವನ್ನು ರಚಿಸಿದನು. ಯುರೋಪಿನ ಭಾಷೆಗಳ ಆಜ್ಞಾಪದಗಳು ಹೋಗಿ ಪಾರಸಿಯವು ಬಂದವು. ಕುಷೂನ್, ರಿಸಾಲೆ, ಜೌಕ್ ಎಂಬ ವಿಭಾಗಗಳೂ ಸಿಪಹದಾರ, ರಿಸಾಲ್ದಾರ ಎಂಬ ಅಧಿಕಾರಿಗಳೂ ನೇಮಕಗೊಂಡರು. ನಮ್ಮ ಅಭಿಪ್ರಾಯದಲ್ಲಿ ಚಕಮಕಿ ಕೋವಿಯ ನಿಜವಾದ ಅಂಗೀಕಾರವು ನಡೆದುದು ಈ ಗ್ರಂಥದಲ್ಲಿಯೇ ಹೊರತು ಕಮ್ಮಾರನ ಕುಲುಮೆಯಲ್ಲಿ ಅಲ್ಲ.

ಆ ಕಾರ್ಖಾನೆಗಳ ಕೃತಿಗಳಲ್ಲಿ ಅನೇಕವು ಇಂದಿಗೂ ಉಳಿದಿವೆ. ಅವುಗಳನ್ನು ಓದುವ ಕ್ರಮವನ್ನು ತಿಳಿದಿರುವುದು ಸಂಶೋಧಕರಿಗೆ ಉಪಯುಕ್ತ. ಹುಲಿಯ ಮೈಯ ಪಟ್ಟೆಯನ್ನು ಹೋಲುವ ‘ಬಬ್ರಿ’ ಗುರುತು, ಹುಲಿಯ ಆಕಾರದ ಅಲಂಕಾರ, ಹೈದರನ ಹೆಸರಿನ ಮುದ್ರೆ, ತಯಾರಾದ ಊರು ಮತ್ತು ವರ್ಷ ಇವು ಸಾಮಾನ್ಯವಾಗಿ ಕಂಡುಬರುತ್ತವೆ. ವರ್ಷವನ್ನು ಮಾತ್ರ ಎಚ್ಚರದಿಂದ ಓದಬೇಕು. ಟಿಪ್ಪುವು 1787ರಲ್ಲಿ ಬಳಕೆಗೆ ತಂದ ಮೌಲೂದಿ ಶಕದಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿ. ನಳಿಗೆಯ ಮೇಲೆ 4221 ಎಂದಿದ್ದರೆ ಅದನ್ನು 1224 ಎಂದು ತಿರುಗಿಸಿ ಓದಿ, 572ನ್ನು ಕೂಡಿಸಿದರೆ ಕ್ರಿ.ಶ. 1796 ಬರುತ್ತದೆ. ಹೆಸರು ಬೇರೆಯಾದರೂ ಈ ಶಕದ ವರ್ಷಗಣನೆಯು ನಮ್ಮ ಪಂಚಾಂಗದ ಅರವತ್ತು ಸಂವತ್ಸರಗಳ ಚಕ್ರವನ್ನೇ ಅನುಸರಿಸಿದುದು. ಆದುದರಿಂದ ಆ ಕೋವಿಯ ವರ್ಷ 1796ರ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ.

ಪಿಸ್ತೂಲುಗಳಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಕಿಡಿಯ ಯಂತ್ರವು ಆಯುಧದ ಬಲಮಗ್ಗುಲಲ್ಲಿರುತ್ತದೆ. ಟಿಪ್ಪುವಿನ ಜೋಡಿ ಪಿಸ್ತೂಲುಗಳಲ್ಲಿ ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ ಅದು ಜೋಡಿಸಲ್ಪಟ್ಟಿರುವುದುಂಟು. ಜೀನಿನ ಎರಡು ಪಕ್ಕಗಳಲ್ಲಿ ತೂಗುವ ಜೋಡಿಗೆ ಯಂತ್ರಗಳೆರಡೂ ಹೊರಮುಖವಾಗಿರಲೆಂಬುದೇ ಇದರ ಉದ್ದೇಶವೆಂದು ನಮಗೆ ತೋರುತ್ತದೆ. ಎರಡು ಕೈಗಳಿಂದಲೂ ಹೊಡೆಯಬಲ್ಲವನಿಗೆ ಅದು ಅನುಕೂಲವೂ ಹೌದು. ರಾಬಿನ್ ವಿಗಿಂಗ್ಟನ್ ಅವರು ಈ ಆಯುಧಗಳನ್ನು ಕುರಿತು 1992ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಅವರ ಸಂಗ್ರಹದ ವಸ್ತುಗಳು 2005ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಆದರೆ ಬೆಳ್ಳಿ ಬಂಗಾರಗಳ ಕೆಲಸವುಳ್ಳ ಈ ಪಿಸ್ತೂಲುಗಳನ್ನು ಕಂಡು ಸಾಮಾನ್ಯ ರಾವುತನ ಆಯುಧವೂ ಹೀಗೆಯೇ ಇದ್ದಿತೆಂದು ಊಹಿಸುವುದು ಸಲ್ಲದು. ಅಂದವಾದುದು ಲೂಟಿಯಲ್ಲಿ ಜೋಪಾನವಾಗಿ ಉಳಿಯಿತು. ಸಿಪಾಯಿಯ ಕೈಯ ಸಾದಾ ಕೋವಿ ಸವೆದು ಗುಜರಿಯಾಯಿತು.

ಈ ಸೈನ್ಯವು ನಮ್ಮ ಸೀಮೆಗೆ ಬಂದುದು 1786ರಲ್ಲಿ. ಮರಾಠರು ಮತ್ತು ನಿಜಾಮರೊಡನೆ ನಡೆಯುತ್ತಿದ್ದ ಯುದ್ಧದಲ್ಲಿ ಟಿಪ್ಪುವು ಮಳೆಗಾಲದ ತುಂಬಿದ ತುಂಗಭದ್ರೆಯನ್ನು ತೆಪ್ಪ ಹರಿಗೋಲುಗಳಿಂದ ದಾಟಿ ಈಚೆಯ ದಡಕ್ಕೆ ಬಂದನು. ಒದ್ದೆಯಾದ ಮದ್ದು ಮಣ್ಣಿಗೆ ಸಮಾನವಾದುದರಿಂದ ಇಂಥ ದಾಟುವಿಕೆಯಲ್ಲಿ ಸೈನ್ಯದ ಶಿಸ್ತಿಗೆ ನಿಜವಾದ ಪರೀಕ್ಷೆ. ಹರಿಪಂತ ಫಡಕೆಯ ಮರಾಠಾ ಸೈನ್ಯದ ಮುಖ್ಯ ಬಲ ಕುದುರೆ. ಮೈಸೂರಿನದು ಕವಾಯತು ಕಲಿತ ಕಾಲಾಳು ಮತ್ತು ಫಿರಂಗಿ. ಟಿಪ್ಪುವು ಸವಣೂರಿನ ಬಳಿ ಇರುಳು ದಾಳಿ ನಡೆಸಿದನು. ನವಾಬ ಅಬ್ದುಲ್ ಹಕೀಮ್ ಖಾನನು ಮರಾಠರನ್ನು ಆಶ್ರಯಿಸಿದನು. ಸವಣೂರು ಟಿಪ್ಪುವಿನ ವಶವಾಯಿತು. ಬತ್ತಿಯ ಕೆಂಡ ಕಾಣದ ಕೋವಿಗೆ ಇರುಳಿನ ದಾಳಿಯಲ್ಲಿ ಎಷ್ಟು ಬೆಲೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1787ರ ಗಜೇಂದ್ರಗಡದ ಒಪ್ಪಂದದಿಂದ ಆ ಯುದ್ಧವು ಮುಗಿಯಿತು.

1792ರ ಒಪ್ಪಂದದಲ್ಲಿ ರಾಜ್ಯದ ಅರ್ಧವು ಹೋಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವೇ ಬಿದ್ದಿತು. ಅದೇ ದಶಕದಲ್ಲಿ ಅನ್ಯತ್ರ ನಡೆದುದು ಗಮನಾರ್ಹ. ಫ್ರಾನ್ಸಿನೊಡನೆ ಯುದ್ಧ ಹೂಡಿ ಕೋವಿಗಳ ಕೊರತೆಗೆ ಸಿಕ್ಕಿದ ಬ್ರಿಟಿಷ್ ಸರಕಾರವು ಈಸ್ಟ್ ಇಂಡಿಯಾ ಕಂಪನಿಯ ದಾಸ್ತಾನನ್ನೇ ಕೊಂಡು, 39 ಅಂಗುಲದ ನಳಿಗೆಯ ಕಂಪನಿಯ ಸರಳ ಮಾದರಿಯನ್ನು 1797ರಲ್ಲಿ ತನ್ನದಾಗಿ ಮಾಡಿಕೊಂಡಿತು. ಎಂದರೆ, ಭಾರತದ ಯುದ್ಧಗಳಿಗಾಗಿ ಹುಟ್ಟಿದ ಕೋವಿ ಯುರೋಪಿನ ಯುದ್ಧಗಳಿಗೆ ಹೋಯಿತು. 1799ರ ಮಾರ್ಚಿಯಲ್ಲಿ ಅಮೆರಿಕ ಸರಕಾರವು ಫ್ರೆಂಚರ 1777ರ ಮಾದರಿಯನ್ನು ಅನುಸರಿಸಿದ 500 ಪಿಸ್ತೂಲುಗಳಿಗೆ ಸಿಮಿಯನ್ ನಾರ್ತ್ ಎಂಬಾತನೊಡನೆ ಕರಾರು ಮಾಡಿಕೊಂಡಿತು. ಅದೇ ನಾರ್ತನೊಡನೆ 1813ರಲ್ಲಿ ಆದ 20,000 ಪಿಸ್ತೂಲುಗಳ ಕರಾರಿನಲ್ಲಿ, ಒಂದರ ಭಾಗವು ಯಾವುದೇ ಇನ್ನೊಂದಕ್ಕೆ ಹೊಂದಬೇಕೆಂಬ ನಿಬಂಧನೆ ಸೇರಿತು. ಅದಕ್ಕೆ ಮೊದಲು ಬಹುತೇಕ ಎಲ್ಲೆಡೆಯಂತೆ ಶ್ರೀರಂಗಪಟ್ಟಣದಲ್ಲಿಯೂ ಪ್ರತಿಯೊಂದು ಭಾಗವನ್ನು ಅರದಿಂದ ಉಜ್ಜಿ ಕೈಯಿಂದಲೇ ಕೂಡಿಸುತ್ತಿದ್ದರು. ಮುರಿದ ಯಂತ್ರವನ್ನು ಸರಿಪಡಿಸಲು ಕಸಬುದಾರನೇ ಬೇಕಾಗಿತ್ತು.

ಕಾರ್ಖಾನೆಯನ್ನು ಕಳೆದುಕೊಂಡ ಸಿಪಾಯಿಗಳ ಗತಿಯನ್ನು ರಾಣೆಬೆನ್ನೂರು ಕಂಡಿತು. ಪಟ್ಟಣವು ಬಿದ್ದ ದಿನ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘನು ಟಿಪ್ಪುವಿನ ಚದುರಿದ ಯೋಧರನ್ನು ಕೂಡಿಸಿಕೊಂಡು, ತುಂಗಭದ್ರೆಯ ಉತ್ತರಕ್ಕೆ ಬಂದು ಈ ಸೀಮೆಯನ್ನು ಆಕ್ರಮಿಸಿದನು. ಕೋವಿ, ಕುದುರೆ, ಕಲಿತ ಕವಾಯತು ಇವು ಆ ಯೋಧರಲ್ಲಿ ಉಳಿದಿದ್ದವು. ಮದ್ದು, ಕಲ್ಲು, ದುರಸ್ತಿಗಳನ್ನು ಒದಗಿಸುವ ರಾಜ್ಯ ಉಳಿದಿರಲಿಲ್ಲ. ಕರ್ನಲ್ ಆರ್ಥರ್ ವೆಲ್ಲೆಸ್ಲಿಯು 1800ರ ಜೂನ್ ತಿಂಗಳಿನಲ್ಲಿ ನದಿಯನ್ನು ದಾಟಿ ರಾಣೆಬೆನ್ನೂರಿನ ಕೋಟೆಯನ್ನು ಲಗ್ಗೆಯಿಂದ ಹಿಡಿದನು. ಬ್ಯಾಡಗಿ ಹಾವೇರಿಗಳ ಬಯಲುಸೀಮೆಯ ಆಚೆಗಿರುವ ಸವಣೂರನ್ನು ಜುಲೈಯಲ್ಲಿ ಸೇರಿದನು. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನು ನಾಲ್ಕು ಅಶ್ವದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ ಧೋಂಡಿಯನ ಮೇಲೆ ನುಗ್ಗಿದನು. ಆ ಕಾಳಗದಲ್ಲಿ ಧೋಂಡಿಯನು ಮಡಿದನು.