ವಚನರಾಶಿಯೂ ಸಂಬಂಧಾತ್ಮಕ ದತ್ತಕೋಶವೂ

ವಚನವಾಙ್ಮಯದ ಸಂಪಾದನೆಯಲ್ಲಿ ತೊಡಗಿದವರೆಲ್ಲರಿಗೂ ಒಂದು ತೊಡಕು ಸುವಿದಿತವಾದುದು. ಒಂದೇ ವಚನವು ಒಂದು ಓಲೆಗರಿಯ ಕಟ್ಟಿನಲ್ಲಿ ಒಬ್ಬ ಶರಣರ ಅಂಕಿತದಿಂದಲೂ ಇನ್ನೊಂದರಲ್ಲಿ ಬೇರೊಬ್ಬರ ಅಂಕಿತದಿಂದಲೂ ದೊರೆಯುವುದುಂಟು. ಒಂದು ಸಂಕಲನದಲ್ಲಿ ಭಕ್ತಸ್ಥಲಕ್ಕೆ ಸೇರಿದುದು ಮತ್ತೊಂದರಲ್ಲಿ ಮಾಹೇಶ್ವರಸ್ಥಲದಲ್ಲಿ ಕಾಣಿಸಿಕೊಳ್ಳುವುದುಂಟು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಂದಿನಿಂದ, ಕರ್ನಾಟಕ ಸರ್ಕಾರವು 1993ರಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಪ್ರಕಟಿಸಿದವರೆಗೆ, ಸಂಪಾದಕರು ಈ ಭಾರವನ್ನು ಅಡಿಟಿಪ್ಪಣಿ, ಅನುಬಂಧ, ಅಕಾರಾದಿಗಳ ನೆರವಿನಿಂದ ಹೊತ್ತರು. ಇಂದು 20,000ಕ್ಕೂ ಮಿಕ್ಕ ಆ ವಚನರಾಶಿ ಕಂಪ್ಯೂಟರಿಗೆ ಏರಿದೆ. ಅಲ್ಲಿ ಅದು ಯಾವ ಕ್ರಮದಲ್ಲಿ ನೆಲೆಗೊಳ್ಳಬೇಕು, ಅದನ್ನು ಕಾಯುವವರ ಹೊಣೆಯೇನು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಅರಿತಿರಬೇಕು; ಪಾಠ ಕೆಡುವ ದಾರಿ ಅಲ್ಲಿಯೂ ಉಂಟಷ್ಟೆ.

ಹಳಕಟ್ಟಿಯವರ ಗ್ರಂಥ ಬೆಳಕು ಕಂಡ 1923ರಲ್ಲಿಯೇ ಇಂಗ್ಲೆಂಡಿನಲ್ಲಿ ಜನಿಸಿದ ಎಡ್ಗರ್ ಕಾಡ್ ಅವರು ಮುಂದೆ ಅಮೆರಿಕದ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದು, 1970ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ಸಂಬಂಧಾತ್ಮಕ ದತ್ತಕೋಶಕ್ಕೆ, ಅಂದರೆ ರಿಲೇಶನಲ್ ಡೇಟಾಬೇಸಿಗೆ, ಅಡಿಪಾಯ ಹಾಕಿದರು. ಅದಕ್ಕೆ ಮೊದಲು ಮಾಹಿತಿಯನ್ನು ಮರದ ಕೊಂಬೆರೆಂಬೆಗಳಂತೆ ಒಂದರ ಅಡಿಯಲ್ಲೊಂದನ್ನು ಕಟ್ಟಿಡುವ ರೂಢಿಯಿದ್ದಿತು. ಬೇಕಾದುದನ್ನು ಪಡೆಯಲು ಕಟ್ಟಿದವನು ಹಾಕಿದ ಹಾದಿಯನ್ನೇ ಹಿಡಿಯಬೇಕಾಗಿತ್ತು. ಕಾಡ್ ಅವರು ಎಲ್ಲವನ್ನೂ ಸಾಲುಗಳುಳ್ಳ ಸರಳ ಕೋಷ್ಟಕಗಳಲ್ಲಿಟ್ಟು, ಯಾವ ಕಡೆಯಿಂದ ಬೇಕಾದರೂ ಪ್ರಶ್ನೆ ಕೇಳುವ ಮಾರ್ಗವನ್ನು ತೋರಿದರು. ‘ರಿಲೇಶನ್’ ಎಂದರೆ ಕೋಷ್ಟಕಗಳ ನಡುವಣ ನಂಟೆಂದು ಹಲವರು ತಿಳಿಯುತ್ತಾರೆ. ಅದು ಸರಿಯಲ್ಲ, ಗಣಿತದ ಪರಿಭಾಷೆಯಲ್ಲಿ ಕೋಷ್ಟಕಕ್ಕೇ ಆ ಹೆಸರು. ಪ್ರಶ್ನಿಸುವ ಭಾಷೆಯನ್ನು ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು 1974ರಲ್ಲಿ ರೂಪಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್.

ಈ ತತ್ತ್ವವನ್ನು ವಚನಗಳಿಗೆ ಅನ್ವಯಿಸಿ ನೋಡಬಹುದು. ಅನನುಭವಿಯು ವಚನ, ವಚನಕಾರ, ಅಂಕಿತ, ಕಾಯಕ, ಸ್ಥಲ ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ತುಂಬುತ್ತಾನೆ. ಆಗ ಒಂದೇ ಹೆಸರನ್ನು ಸಾವಿರ ಸಲ ಬರೆಯಬೇಕಾಗುತ್ತದೆ. ಒಂದೆಡೆ ಬಸವಣ್ಣ, ಇನ್ನೊಂದೆಡೆ ಬಸವೇಶ್ವರ ಎಂದು ಬಿದ್ದರೆ ಯಂತ್ರದ ಪಾಲಿಗೆ ಅವರು ಇಬ್ಬರು. ಆದ್ದರಿಂದ ವಚನಕಾರರಿಗೆ ಒಂದು ಕೋಷ್ಟಕ, ವಚನಗಳಿಗೆ ಒಂದು, ಹಸ್ತಪ್ರತಿಗಳಿಗೆ ಒಂದು ಎಂದು ಬೇರ್ಪಡಿಸಬೇಕು. ಇವುಗಳಿಗಿಂತ ಮುಖ್ಯವಾದುದು ನಾಲ್ಕನೆಯದು: ಇಂಥ ವಚನವು ಇಂಥ ಹಸ್ತಪ್ರತಿಯಲ್ಲಿ, ಇಂಥ ಅಂಕಿತದೊಡನೆ, ಇಂಥ ಸ್ಥಲದಲ್ಲಿದೆ ಎಂಬ ಸಾಕ್ಷ್ಯದ ಕೋಷ್ಟಕ. ಪಾಠಾಂತರವೆಲ್ಲ ನಿಲ್ಲುವುದು ಇಲ್ಲಿಯೇ. ಹೀಗೆ ವಿಂಗಡಿಸಿದರೆ ಎರಡು ಪ್ರತಿಗಳು ಪರಸ್ಪರ ವಿರೋಧಿಸಿದಾಗ ಒಂದನ್ನು ಅಳಿಸಬೇಕಾಗಿಲ್ಲ. ಎರಡೂ ಎರಡು ಸಾಲುಗಳಾಗಿ ಉಳಿಯುತ್ತವೆ. ನಿರ್ಣಯವು ಸಂಪಾದಕನದು, ದತ್ತಕೋಶದ್ದಲ್ಲ.

ಪ್ರತಿಯೊಂದು ಸಾಲನ್ನೂ ಗುರುತಿಸಲು ಒಂದು ಕೀಲಿ, ಎಂದರೆ ಪ್ರೈಮರಿ ಕೀ, ಅವಶ್ಯ. ಅಂಕಿತವೇ ಆ ಕೀಲಿಯಾಗಬಾರದೇಕೆ ಎಂಬ ಪ್ರಶ್ನೆ ವಚನಾಭ್ಯಾಸಿಗೆ ಸಹಜವಾಗಿಯೇ ಏಳುತ್ತದೆ. ಆಗದು. ಸಿದ್ಧರಾಮನ ಅಂಕಿತಕ್ಕೆ ಕಪಿಲಸಿದ್ಧಮಲ್ಲಿಕಾರ್ಜುನ, ಕಪಿಲಸಿದ್ಧಮಲ್ಲಿನಾಥ ಎಂಬ ರೂಪಭೇದಗಳಿವೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದೊಳಗೆ ಪತಿಯ ಅಂಕಿತವೂ ಅಡಗಿದೆ. ಅಕ್ಷರಗಳನ್ನಷ್ಟೇ ನೋಡಿ ಹುಡುಕುವ ಯಂತ್ರ ಅಮರೇಶ್ವರಲಿಂಗವೆಂದೊಡನೆ ಸತಿಪತಿಗಳಿಬ್ಬರ ವಚನಗಳನ್ನೂ ಕಲಸಿ ಕೊಡುತ್ತದೆ. ಆದುದರಿಂದ ಯಾವ ಅರ್ಥವೂ ಇಲ್ಲದ ಬರಿಯ ಒಂದು ಸಂಖ್ಯೆಯೇ ಲೇಸು. ಕೆಲವರ ಅಂಕಿತ ಮಾತ್ರ ಉಳಿದಿದ್ದು ಹೆಸರು ತಿಳಿದಿಲ್ಲ. ಅಂಥಲ್ಲಿ ‘ಅಜ್ಞಾತ’ ಎಂದು ಬರೆಯುವುದಕ್ಕಿಂತ ಆ ಜಾಗವನ್ನು ‘ನಲ್’, ಅಂದರೆ ತಿಳಿಯದುದು, ಎಂದು ಬಿಡುವುದು ಮೇಲು. ಎಸ್‌ಕ್ಯೂಎಲ್ ನಿಯಮದಲ್ಲಿ ಒಂದು ನಲ್ ಇನ್ನೊಂದು ನಲ್‌ಗೆ ಸಮವಲ್ಲ. ಹೆಸರರಿಯದ ಇಬ್ಬರು ಶರಣರನ್ನು ಅದು ಒಬ್ಬರನ್ನಾಗಿ ಮಾಡುವುದಿಲ್ಲ. ಎಷ್ಟೋ ಅಕಾರಾದಿಗಳಲ್ಲಿ ಕಾಣದ ಸೂಕ್ಷ್ಮವಿದು.

ಇನ್ನು ಆಡಳಿತಗಾರನ ಹೊಣೆ. ಮೋಳಿಗೆಯ ಮಾರಯ್ಯನ ಒಂದು ವಚನದ ಅಂಕಿತವನ್ನು ತಿದ್ದಲು ಹೊರಟವನು ‘ಅಪ್‌ಡೇಟ್’ ಆಜ್ಞೆ ಬರೆದು, ಯಾವ ಸಾಲನ್ನು ಎಂಬ ‘ವೇರ್’ ಷರತ್ತನ್ನು ಮರೆತರೆ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕೂಡಲಸಂಗಮದೇವ ಎಲ್ಲವೂ ಕ್ಷಣಮಾತ್ರದಲ್ಲಿ ನಿಃಕಳಂಕ ಮಲ್ಲಿಕಾರ್ಜುನವಾಗುತ್ತವೆ. ಓಲೆಯ ಲಿಪಿಕಾರನು ಜೀವಮಾನವೆಲ್ಲ ತಪ್ಪು ಬರೆದರೂ ಇಷ್ಟು ಕೆಡಿಸಲಾರ. ಆದಕಾರಣ ‘ಬಿಗಿನ್’ ಎಂದು ಆರಂಭಿಸಿ, ತಿದ್ದಿದ ಸಾಲುಗಳೆಷ್ಟೆಂದು ನೋಡಿ, ಸರಿಯಿದ್ದರೆ ‘ಕಮಿಟ್’, ಇಲ್ಲವಾದರೆ ‘ರೋಲ್‌ಬ್ಯಾಕ್’ ಮಾಡುವುದನ್ನು ರೂಢಿಸಬೇಕು. ಓದುವವರಿಗೆ ಓದುವ ಅಧಿಕಾರವನ್ನಷ್ಟೇ ಕೊಡಬೇಕು. ಮತ್ತೊಂದು ಯಂತ್ರದಲ್ಲಿ ಸದಾ ತಾನಾಗಿ ನಕಲಾಗುತ್ತಿರುವ ಪ್ರತಿಯಿದೆಯೆಂದು ನಿಶ್ಚಿಂತರಾಗಬಾರದು. ಮೂಲದಲ್ಲಿ ಆದ ತಪ್ಪು ಅಲ್ಲಿಗೂ ಒಡನೆಯೇ ಸಾಗುತ್ತದೆ. ನಿಜವಾದ ಬ್ಯಾಕಪ್ ಬೇರೆಯೇ ಇರಬೇಕು. ಬದಲಾವಣೆಗಳ ದಿನಚರಿಯಾದ ಲಾಗನ್ನು ಅದರೊಡನೆ ಕಾಪಾಡಿದ್ದರೆ ತಪ್ಪು ನಡೆದ ಕ್ಷಣಕ್ಕೆ ತುಸು ಮುಂಚಿನ ಸ್ಥಿತಿಯನ್ನು ಮರಳಿ ಪಡೆಯಬಹುದು.

ಕನ್ನಡ ಲಿಪಿಗೆ ತನ್ನದೇ ಆದ ಒಂದು ತೊಡಕಿದೆ. ಯುನಿಕೋಡಿನಲ್ಲಿ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹುಡುಕಿದ ವಚನ ಇದ್ದೂ ಸಿಗದಿರುವುದಕ್ಕೆ ಇದೂ ಒಂದು ಕಾರಣ. ಒಳಗೆ ಸೇರಿಸುವಾಗಲೇ ಎಲ್ಲವನ್ನೂ ಏಕರೂಪಕ್ಕೆ ತರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೆಯ ಆವೃತ್ತಿಯಿಂದ ಇದಕ್ಕೆ ಸಿದ್ಧ ಸಾಧನವಿದೆ.

ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೊಳೆತ ಈ ಪೋಸ್ಟ್‌ಗ್ರೆಸ್ ಉಚಿತವಾಗಿ ದೊರೆಯುತ್ತದೆ. ಕಲಿಯುವವರಿಗೆ ಅಷ್ಟು ಸಾಕು. ಒಬ್ಬರೇ ಶರಣರ ಐವತ್ತು ವಚನಗಳನ್ನು ಮೇಲೆ ಹೇಳಿದ ನಾಲ್ಕು ಕೋಷ್ಟಕಗಳಲ್ಲಿ ತುಂಬಿ, ಬ್ಯಾಕಪ್ ತೆಗೆದು, ಬಳಿಕ ಬೇಕೆಂದೇ ಎಲ್ಲವನ್ನೂ ಅಳಿಸಿ ಮರಳಿ ತರಲು ಯತ್ನಿಸಬೇಕು. ಮರಳಿ ಬಂದ ವಚನಗಳನ್ನು ಎಣಿಸಿ, ಅಂಕಿತಗಳನ್ನು ಅಚ್ಚಿನ ಸಂಪುಟದೊಡನೆ ಒಂದೊಂದಾಗಿ ತಾಳೆನೋಡುವವರೆಗೆ ಆ ಬ್ಯಾಕಪ್ಪನ್ನು ಬ್ಯಾಕಪ್ಪೆಂದು ಎಣಿಸತಕ್ಕದ್ದಲ್ಲ.