ಕಾಲಿನೊಳಗೆ ಮಣಿಸರ ಯಾಕೆ?



ಒಂದು ಸಂಘದ ವಾರದ ಸಭೆಗೆ ನಾವು ಹೋಗಿದ್ದಾಗ ಒಬ್ಬ ಸದಸ್ಯೆ ಎರಡನೇ ಸಲ ಸಾಲ ಕೇಳಿದರು. ಅವರ ಗಂಡ ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ರಾಡ್ ಹಾಕಿಸುವುದಕ್ಕೆ ಮೊದಲ ಸಾಲ ಮುಗಿದಿತ್ತು. ಎರಡು ತಿಂಗಳಾದ ಮೇಲೆ ಗಾಯದಿಂದ ಕೀವು ಬರತೊಡಗಿತು. "ಈಗ ಪುನಃ ಆಪರೇಷನ್ ಮಾಡಿ ಕಾಲೊಳಗೆ ಔಷಧದ ಮಣಿಸರ ಇಡ್ತಾರಂತೆ" ಎಂದು ಅವರು ಹೇಳಿದಾಗ ಕೆಲವರು ನಕ್ಕರು. "ಮಣಿಸರ ಕುತ್ತಿಗೆಗೆ ಹಾಕೋದು ಗೊತ್ತು, ಇದು ದುಡ್ಡು ಕೀಳೋ ಉಪಾಯ" ಎಂದು ಒಬ್ಬರು ಅಂದೂಬಿಟ್ಟರು. ನಮಗೂ ಆ ಹೊತ್ತಿಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಸಾಲದ ತೀರ್ಮಾನ ಒಂದು ವಾರ ಮುಂದೆ ಹೋಯಿತು. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಮಾತ್ರೆ ನುಂಗಿದರೆ ಸಾಲದೇ ಎಂಬುದು ಮೊದಲ ಪ್ರಶ್ನೆ. ಮಾತ್ರೆಯ ಔಷಧ ರಕ್ತದ ಮೂಲಕ ತಾನೆ ಹೋಗಬೇಕು? ಸ್ಟೀಲ್ ಅಥವಾ ಟೈಟಾನಿಯಂ ರಾಡಿನಲ್ಲಿ ರಕ್ತ ಹರಿಯುವುದಿಲ್ಲ. ಸತ್ತುಹೋದ ಎಲುಬಿನ ಚೂರಿನಲ್ಲೂ ಹರಿಯುವುದಿಲ್ಲ. ಗಾಯದ ಮಣ್ಣಿನಿಂದಲೋ ಚರ್ಮದಿಂದಲೋ ಒಳಹೊಕ್ಕ ರೋಗಾಣುಗಳು ಅಲ್ಲಿ ಅಂಟಿಕೊಂಡು ತಮ್ಮ ಸುತ್ತ ಒಂದು ಲೋಳೆ ಕಟ್ಟಿಕೊಳ್ಳುತ್ತವೆ. ವೈದ್ಯರು ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಬಹಳ ದಿನ ತೊಳೆಯದ ನೀರಿನ ತೊಟ್ಟಿಯ ಗೋಡೆ ಮುಟ್ಟಿ ನೋಡಿ, ಕೈಗೆ ಜಾರುವ ಪಾಚಿ ಸಿಗುತ್ತದಲ್ಲ, ಹಾಗೆಯೇ. ಬರೀ ನೀರು ಸುರಿದರೆ ಅದು ಹೋಗುವುದಿಲ್ಲ, ತಿಕ್ಕಬೇಕು. ಆದ್ದರಿಂದಲೇ ವೈದ್ಯರು ಮೊದಲು ಸತ್ತ ಎಲುಬು, ಕೊಳೆತ ಮಾಂಸ ಎಲ್ಲ ಕೆರೆದು ತೆಗೆಯುತ್ತಾರೆ. ಬೇಕಾದರೆ ರಾಡನ್ನೂ ತೆಗೆಯುತ್ತಾರೆ. ಈ ಕೆಲಸ ಸರಿಯಾಗಿ ಆಗದಿದ್ದರೆ ಎಂಥ ಮಣಿ ಇಟ್ಟರೂ ಪ್ರಯೋಜನ ಕಡಿಮೆ.

ಕೆರೆದ ಮೇಲೆ ಅಲ್ಲಿ ಒಂದು ಗುಳಿ ಉಳಿಯುತ್ತದೆ. ಆ ಗುಳಿಗೆ ಔಷಧ ತುಂಬುವ ಯೋಚನೆ ಹಳೆಯದು. ಜರ್ಮನಿಯ ಡ್ರೀಸ್‌ಮನ್ ಎಂಬ ವೈದ್ಯರು 1892ರಲ್ಲಿಯೇ ಕಟ್ಟು ಹಾಕುವ ಪ್ಲಾಸ್ಟರ್ ಪುಡಿಗೆ ಫೀನಾಲ್ ಬೆರೆಸಿ ಎಲುಬಿನ ಗುಳಿ ತುಂಬಿದ್ದರು. 1970ರಲ್ಲಿ ಅದೇ ದೇಶದ ಹ್ಯಾಂಬರ್ಗ್ ನಗರದ ಬುಕ್‌ಹೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್, ಕೀಲು ಬದಲಿಸುವಾಗ ಬಳಸುವ ಎಲುಬಿನ ಸಿಮೆಂಟಿಗೆ ಜೆಂಟಮೈಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿದ ವಿಷಯ ಪ್ರಕಟಿಸಿದರು. ಇದು ಮನೆ ಕಟ್ಟುವ ಸಿಮೆಂಟ್ ಅಲ್ಲ, ಒಂದು ಜಾತಿಯ ಪ್ಲಾಸ್ಟಿಕ್. ಪುಡಿಗೆ ದ್ರವ ಹಾಕಿ ಕಲಸಿದರೆ ಹಿಟ್ಟಿನ ಹಾಗಾಗಿ, ಸ್ವಲ್ಪ ಹೊತ್ತಿನಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಆ ಬಿಸಿ ತಡೆಯುವ ಔಷಧವೇ ಆಗಬೇಕು, ಜೆಂಟಮೈಸಿನ್ ತಡೆಯುತ್ತದೆ. ಅದೇ ಸಿಮೆಂಟನ್ನು ಸಣ್ಣ ಮಣಿಗಳಾಗಿ ಮಾಡಿ ತಂತಿಯಲ್ಲಿ ಪೋಣಿಸುವುದು 1970ರ ದಶಕದಲ್ಲಿ ಬಳಕೆಗೆ ಬಂತು. ನಮ್ಮ ಅಕ್ಕ ಹೇಳಿದ ಮಣಿಸರ ಇದೇ!

ಮಣಿಯಿಂದ ಔಷಧ ಸ್ವಲ್ಪ ಸ್ವಲ್ಪವಾಗಿ ಒಸರುತ್ತದೆ. ಗಾಯದ ಜಾಗದಲ್ಲಿ ಅದರ ಪ್ರಮಾಣ ಬಹಳ ಹೆಚ್ಚು, ರಕ್ತದಲ್ಲಿ ಬಹಳ ಕಡಿಮೆ. ಅಷ್ಟು ಔಷಧವನ್ನು ಸೂಜಿಯಲ್ಲಿ ಕೊಟ್ಟರೆ ಮೂತ್ರಪಿಂಡ, ಕಿವಿ ಹಾಳಾದೀತು.

ಆದರೆ ಔಷಧ ಖಾಲಿಯಾದ ಮೇಲೆ ಆ ಮಣಿಯೂ ದೇಹಕ್ಕೆ ಹೊರಗಿನ ವಸ್ತುವೇ. ಅದರ ಮೇಲೆಯೇ ರೋಗಾಣು ಮನೆ ಮಾಡಬಹುದು. ಹಾಗಾಗಿ ವಾರಗಳ ನಂತರ ಅದನ್ನು ತೆಗೆಯಬೇಕು. "ಕೀವು ನಿಂತಿತಲ್ಲ, ಇನ್ನು ಯಾಕೆ" ಎಂದು ಎಷ್ಟೋ ಮಂದಿ ಹಿಂದಿರುಗಿ ಹೋಗುವುದೇ ಇಲ್ಲ, ಇದು ದೊಡ್ಡ ತಪ್ಪು. ತಾನಾಗಿ ಕರಗುವ ಮಣಿಗಳೂ ಈಗ ಇವೆ, ಡ್ರೀಸ್‌ಮನ್ ಬಳಸಿದ ಪ್ಲಾಸ್ಟರಿನ ಜಾತಿಯವೇ. ಅವನ್ನು ತೆಗೆಯಬೇಕಿಲ್ಲ. ಇಟ್ಟ ಮೇಲೆ ಕೆಲವರಿಗೆ ಗಾಯದಿಂದ ತಿಳಿನೀರು ಸೋರುವುದುಂಟು. ಅದು ಕೀವೋ ತಿಳಿನೀರೋ ಎಂದು ನಾವೇ ತೀರ್ಮಾನಿಸುವುದು ಬೇಡ, ತೋರಿಸಬೇಕು. ಬೆಳ್ಳಿ ಲೇಪಿಸಿದ, ಜೆಂಟಮೈಸಿನ್ ಲೇಪಿಸಿದ ಲೋಹಗಳೂ ಬಂದಿವೆ. ಅವು ದುಬಾರಿ, ಎಲ್ಲರಿಗೂ ಬೇಕಾಗಿಯೂ ಇಲ್ಲ.

ಹಾಗಾಗಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವ ಮೊದಲು "ಡಾಕ್ಟ್ರೇ, ಒಳಗೆ ಏನು ಇಡ್ತೀರಿ, ಅದು ಕರಗುತ್ತದಾ, ತೆಗೆಯಲು ಯಾವಾಗ ಬರಬೇಕು, ಅದಕ್ಕೆ ಎಷ್ಟಾಗುತ್ತದೆ" ಎಂದು ಕೇಳಿ. ಹೆದರಬೇಡಿ. ಬಿಡುಗಡೆ ಚೀಟಿಯಲ್ಲಿ ಬರೆಸಿಕೊಂಡು ಸಾಲದ ಪುಸ್ತಕದ ಜೊತೆಗೇ ಇಡಿ. ಬಿ.ಪಿ.ಎಲ್. ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸಾಲಕ್ಕೆ ಕೈಹಾಕುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ವಿಚಾರಿಸಿ.

ಎಲುಬು ಹೊರಬಂದ ಗಾಯಕ್ಕೆ ಸೊಪ್ಪು ಅರೆದು ಹಚ್ಚುವುದು, ನಾಟಿ ಕಟ್ಟು ಕಟ್ಟಿಸುವುದು ಖಂಡಿತ ಬೇಡ. ಶುದ್ಧ ಬಟ್ಟೆ ಮುಚ್ಚಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಸಿಕ್ಕಿದ ಆಂಟಿಬಯೋಟಿಕ್ ಸೂಜಿ ಮುಂದಿನ ಎಷ್ಟೋ ತೊಂದರೆ ತಪ್ಪಿಸುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ ಬಿಡಲೇಬೇಕು, ಅದು ಎಲುಬು ಕೂಡುವುದನ್ನೇ ತಡಮಾಡುತ್ತದೆ. ಈ ವಿಷಯದಲ್ಲಿ ಗಂಡಸರಿಗೆ ಹೇಳಿ ಹೇಳಿ ನಮ್ಮ ಸದಸ್ಯೆಯರ ಬಾಯಿ ನೋವಾಗಿದೆ!

ಮುಂದಿನ ವಾರದ ಸಭೆಯಲ್ಲಿ ಆ ಅಕ್ಕನಿಗೆ ಸಾಲ ಮಂಜೂರಾಯಿತು. ನಕ್ಕಿದ್ದವರೇ ಮೊದಲು ಕೈ ಎತ್ತಿದರು. ಮಣಿಸರ ಇಟ್ಟರು, ಆರು ವಾರದ ಮೇಲೆ ತೆಗೆದು ಸೊಂಟದ ಎಲುಬಿನ ಚೂರು ತುಂಬಿದರು. ಅವರ ಗಂಡ ಈಗ ಕೋಲು ಹಿಡಿದು ತೋಟದವರೆಗೆ ನಡೆಯುತ್ತಾರೆ. ಸಾಲದಲ್ಲಿ ಇನ್ನು ಮೂರು ಕಂತು ಬಾಕಿ ಇದೆ.