ಜಾಗ ಮಾರಲು ಅಧಿಕಾರ ಪತ್ರ: ಎಷ್ಟು ಕೊಡಬೇಕು?

ಕಳೆದ ತಿಂಗಳ ಒಂದು ಜುಮಾದಲ್ಲಿ ಖತೀಬರು ಅಮಾನತ್‌ನ ಬಗ್ಗೆ ಮಾತನಾಡಿದರು. ನಮಾಝ್ ಮುಗಿದ ಮೇಲೆ, ರಜೆಯಲ್ಲಿ ಊರಿಗೆ ಬಂದಿದ್ದ ಸಹೋದರರೊಬ್ಬರು ನಮ್ಮನ್ನು ಕಂಡರು. ಐದು ಸೆಂಟ್ಸ್ ಜಾಗ ಮಾರಬೇಕಿದೆ, ಜಿದ್ದಾಕ್ಕೆ ಮರಳುವ ಮುಂಚೆ ಭಾವನಿಗೆ ಪವರ್ ಕೊಟ್ಟು ಹೋಗಬೇಕು ಎಂದರು. ಅವರ ಕೈಯಲ್ಲಿದ್ದ ಕರಡನ್ನು ಓದಿದೆವು. ಜಾಗ ಮಾರುವುದಷ್ಟೇ ಅಲ್ಲ, ವಾಸದ ಮನೆಯನ್ನು ಅಡವಿಡುವ, ಸಾಲ ಎತ್ತುವ ಅಧಿಕಾರವೂ ಅದರಲ್ಲಿತ್ತು! ಭಾವ ಕೆಟ್ಟವರೆಂದಲ್ಲ. ಟೈಪ್ ಮಾಡುವವರ ಬಳಿ ಇದ್ದ ಮಾದರಿಯೇ ಅದು.

ನಮ್ಮ ಫಿಕ್ಹ್‌ನಲ್ಲಿ ಇದಕ್ಕೆ ವಕಾಲತ್ ಎನ್ನುತ್ತಾರೆ. ವಕೀಲ್ ಎಂದರೆ ಇಲ್ಲಿ ಕರಿಕೋಟಿನವರಲ್ಲ, ನಮ್ಮ ಪರವಾಗಿ ಕೆಲಸ ಮಾಡುವವನು. ಪ್ರವಾದಿಯವರು(ಸ) ಉರ್ವಾ(ರ)ರಿಗೆ ಒಂದು ದೀನಾರ್ ಕೊಟ್ಟು ಕುರಿ ತರಲು ಹೇಳಿದ್ದು, ಅವರು ಅದರಲ್ಲಿ ಎರಡು ಕುರಿ ಕೊಂಡು, ಒಂದನ್ನು ಒಂದು ದೀನಾರಿಗೆ ಮಾರಿ, ಕುರಿ ಮತ್ತು ದೀನಾರ್ ಎರಡನ್ನೂ ತಂದೊಪ್ಪಿಸಿದ್ದು ಹದೀಸ್‌ನಲ್ಲಿದೆ. ಲಾಭವೂ ಒಡೆಯನಿಗೇ ಸೇರಿತು ಎಂಬುದನ್ನು ಗಮನಿಸಿ. ಮಾರಲು ನೇಮಿಸಿದವನು ಒಡೆಯನ ಒಪ್ಪಿಗೆಯಿಲ್ಲದೆ ತಾನೇ ಕೊಂಡುಕೊಳ್ಳುವುದನ್ನು ಹೆಚ್ಚಿನ ಉಲಮಾಗಳು ಒಪ್ಪುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯೂ ಇದನ್ನು ತಡೆಯುವ ಹಕ್ಕನ್ನು ಒಡೆಯನಿಗೆ ಕೊಟ್ಟಿದೆ.

ಒಂದೇ ವ್ಯವಹಾರಕ್ಕೆ ಸ್ಪೆಷಲ್ ಪವರ್ ಸಾಕು, ಜನರಲ್ ಪವರ್ ಬೇಕಿಲ್ಲ. ಅದರಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ಬರೆಯಬೇಕು. ಇಷ್ಟಕ್ಕಿಂತ ಕಡಿಮೆ ಬೆಲೆಗೆ ಮಾರಬಾರದು, ಹಣ ಒಡೆಯನ ಖಾತೆಗೇ ಬರಬೇಕು, ಇಂಥ ತಾರೀಕಿನವರೆಗೆ ಮಾತ್ರ ಎಂದೂ ಇರಲಿ. ಅಡವು, ದಾನಪತ್ರ, ಬೇರೊಬ್ಬರನ್ನು ನೇಮಿಸುವ ಅಧಿಕಾರ ಇಲ್ಲವೆಂದು ಸ್ಪಷ್ಟವಾಗಿ ಬರೆಸಿ. ಬಾಯಿಮಾತಿನಲ್ಲಿ ಹೇಳಿದ ಷರತ್ತು ಖರೀದಿದಾರನಿಗೆ ಕಾಣುವುದಿಲ್ಲ.

ಊರಲ್ಲಿರುವವರು ಉಪನೋಂದಣಾಧಿಕಾರಿಯ ಮುಂದೆಯೇ ಸಹಿ ಹಾಕಿ ದೃಢೀಕರಿಸಿಕೊಳ್ಳುವುದು ಲೇಸು. ನೋಟರಿ ಮೊಹರು ಮಾತ್ರ ನಂಬಿ ಹೋದರೆ ನೋಂದಣಿಯ ದಿನ ತಕರಾರು ಬರಬಹುದು. ಕಾಯಿಲೆಯಿಂದ ಓಡಾಡಲಾಗದವರು ಕಚೇರಿಗೆ ಬರಲೇಬೇಕೆಂದಿಲ್ಲ. ಅಧಿಕಾರಿ ಮನೆಗೆ ಬಂದು ವಿಚಾರಿಸಲು ಕಾನೂನಿನಲ್ಲಿ ಅವಕಾಶವಿದೆ. ಗಲ್ಫ್‌ನಲ್ಲಿರುವವರು ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನಲ್ಲಿ ಸಹಿ ಹಾಕಬೇಕು. ಆ ಪತ್ರ ಊರು ತಲುಪಿದ 3 ತಿಂಗಳೊಳಗೆ ಇಲ್ಲಿ ಛಾಪಾ ಶುಲ್ಕ ಕಟ್ಟಬೇಕು. ಅನೇಕರು ಎಡವುವುದು ಇಲ್ಲಿಯೇ. ಶುಲ್ಕವೂ ಎಲ್ಲರಿಗೂ ಒಂದೇ ಅಲ್ಲ: ತಂದೆತಾಯಿ, ಗಂಡಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ಕೊಟ್ಟರೆ ಒಂದು, ಇತರರಿಗೆ ಮಾರುವ ಅಧಿಕಾರ ಕೊಟ್ಟರೆ ಬಹಳ ಹೆಚ್ಚು. ಭಾವ ಆ ಪಟ್ಟಿಯಲ್ಲಿಲ್ಲ. ಅಕ್ಕನ ಹೆಸರಿಗೆ ಬರೆಸಬಹುದಲ್ಲ ಎಂದಾಗ ಆ ಸಹೋದರರು ನಕ್ಕರು. ಅದು ಅವರಿಗೆ ಹೊಳೆದೇ ಇರಲಿಲ್ಲ.

ತಂದೆಯಿಂದ ಬಂದ ಜಾಗವಾದರೆ ಇನ್ನೊಂದು ಮಾತು. ಸಹೋದರಿಯರ ಪಾಲೂ ಅದರಲ್ಲಿದೆ. ಅವರು ಕೊಡುವ ಪವರ್‌ನ್ನು ಅವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳದೆ, ಬೆರಳು ತೋರಿಸಿ "ಇಲ್ಲಿ ಸಹಿ ಹಾಕು" ಎನ್ನುವುದು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಇದನ್ನು ಬರೆಯಲು ನಮಗೆ ಸಂಕೋಚವಿದೆ, ಆದರೆ ಬರೆಯದೆ ಬಿಡುವಂತಿಲ್ಲ.

ಕೊಳ್ಳುವವರಿಗೂ ಎಚ್ಚರ ಬೇಕು. ಜನರಲ್ ಪವರ್ ಮತ್ತು ಕರಾರುಪತ್ರ ಮಾತ್ರ ಪಡೆದು ಹಣ ಕೊಟ್ಟರೆ ಜಾಗದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಾಯಿತ ಕ್ರಯಪತ್ರವೇ ಆಗಬೇಕು.

ಕೊಟ್ಟ ಅಧಿಕಾರವನ್ನು ಸಾಮಾನ್ಯವಾಗಿ ಹಿಂಪಡೆಯಬಹುದು. ಆದರೆ ರದ್ದುಪತ್ರ ಬರೆಸಿ ಕಪಾಟಿನಲ್ಲಿಟ್ಟರೆ ಸಾಲದು. ಪವರ್ ಪಡೆದವರಿಗೂ ವ್ಯವಹಾರದಲ್ಲಿರುವ ಖರೀದಿದಾರರಿಗೂ ತಿಳಿಸಬೇಕು, ಮೂಲ ಪತ್ರ ವಾಪಸ್ ಪಡೆಯಬೇಕು. ಕೊಟ್ಟವರು ತೀರಿಕೊಂಡರೆ ಶರೀಅತ್‌ನಲ್ಲೂ ಕಾನೂನಿನಲ್ಲೂ ವಕಾಲತ್ ಮುಗಿಯುತ್ತದೆ. ಜಾಗ ಆಗ ವಾರೀಸುದಾರರದು. ಮುಂಗಡ ಪಡೆದಿದ್ದರೂ ಮುಂದಿನ ಸಹಿ ಅವರೇ ಹಾಕಬೇಕು.